ಪೈಲಟ್ ಗ್ರಾಂಟ್: ಕ್ಯಾನ್ಸರ್ ಸಂಶೋಧನೆಯ ಮೊದಲ ಸಣ್ಣ ದುಡ್ಡಿನ ಲೆಕ್ಕ

2025ರ ಫೆಬ್ರುವರಿ 7ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಒಂದು ಆದೇಶ ಹೊರಡಿಸಿತು. ಸಂಶೋಧನಾ ಅನುದಾನದ ಜತೆ ವಿಶ್ವವಿದ್ಯಾಲಯಗಳಿಗೆ ಕಟ್ಟಡ, ವಿದ್ಯುತ್ತಿನಂಥ ಖರ್ಚಿಗೆ ಕೊಡುವ ಪರೋಕ್ಷ ವೆಚ್ಚ ಇನ್ನು ಶೇ 15ನ್ನು ಮೀರುವಂತಿಲ್ಲ ಎಂಬುದು ಅದರ ಸಾರ. ನ್ಯಾಯಾಲಯ ಅದನ್ನು ತಡೆಯಿತು. ಆದರೂ ಅಲ್ಲಿನ ಕ್ಯಾನ್ಸರ್ ಲ್ಯಾಬುಗಳಲ್ಲಿ ಪಿಎಚ್‌ಡಿ, ಪೋಸ್ಟ್‌ಡಾಕ್ ಮಾಡುತ್ತಿರುವ ಮಕ್ಕಳಿರುವ ನಮ್ಮ ಮನೆಗಳಲ್ಲೂ 'ಗ್ರಾಂಟ್ ನಿಂತಿತಂತೆ', 'ಪೈಲಟ್ ದುಡ್ಡು ಬಂದಿಲ್ಲವಂತೆ' ಎಂಬ ಮಾತು ಕೇಳಿಬರತೊಡಗಿತು. ಈ ಪೈಲಟ್ ದುಡ್ಡು ಎಂದರೆ ಯಾವುದು, ಯಾರು ಕೊಡುತ್ತಾರೆ, ಅದರಲ್ಲಿ ಏನಾಗುತ್ತದೆ, ಏನು ಆಗುವುದಿಲ್ಲ?

## ಮೊಳಕೆ ನೋಡುವ ದುಡ್ಡು

ಬಿತ್ತನೆಗೆ ಮುಂಚೆ ರೈತರು ನೂರು ಕಾಳು ಎಣಿಸಿ, ಒದ್ದೆ ಗೋಣಿ ಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡುತ್ತಾರೆ. ಎಂಬತ್ತು ಮೊಳೆತರೆ ಬೀಜ ಬಿತ್ತಬಹುದು, ಮೂವತ್ತೇ ಮೊಳೆತರೆ ಬೇರೆ ಬೀಜ ಹುಡುಕಬೇಕು. ಎಕರೆಗೆ ಎಷ್ಟು ಕ್ವಿಂಟಲ್ ಇಳುವರಿ ಬಂದೀತು ಎಂಬುದನ್ನು ಆ ಗೋಣಿ ಚೀಲ ಹೇಳುವುದಿಲ್ಲ. ಪೈಲಟ್ ಗ್ರಾಂಟ್ ಇಂಥ ಪರೀಕ್ಷೆಗೆ ಕೊಡುವ ದುಡ್ಡು: ಮೊತ್ತ ಸಣ್ಣದು, ಅವಧಿ ಒಂದೆರಡು ವರ್ಷ, ಪ್ರಶ್ನೆ ಒಂದೇ. ಈ ವಿಚಾರದ ಮೇಲೆ ಕೋಟಿಗಟ್ಟಲೆ ಹಣ, ಹಲವು ವರ್ಷ, ನೂರಾರು ರೋಗಿಗಳ ಸಮಯ ಹಾಕಬಹುದೇ ಎಂಬ ಪ್ರಶ್ನೆ ಅದು.

'ಆರಂಭಿಕ ಹಂತದ ಸಂಶೋಧನೆ' ಎಂದಾಗ ರೋಗದ ಆರಂಭಿಕ ಹಂತ ಎಂದು ತಿಳಿಯಬಾರದು. ನಾಲ್ಕನೇ ಹಂತ ಮುಟ್ಟಿದ ಕ್ಯಾನ್ಸರಿನ ಬಗ್ಗೆಯೂ ಪೈಲಟ್ ಅಧ್ಯಯನ ನಡೆಯುತ್ತದೆ.

## ದೊಡ್ಡ ಗ್ರಾಂಟ್ ನೇರವಾಗಿ ಯಾಕೆ ಸಿಗುವುದಿಲ್ಲ

ಅಮೆರಿಕದಲ್ಲಿ ಒಂದು ಲ್ಯಾಬ್ ಹಲವು ವರ್ಷ ನಿಶ್ಚಿಂತೆಯಿಂದ ನಡೆಯಬೇಕಾದರೆ ಆರ್‌01 ಎಂಬ ಅನುದಾನ ಬೇಕು. ಇದು ಸಾಮಾನ್ಯವಾಗಿ ನಾಲ್ಕೈದು ವರ್ಷದ್ದು, ಅರ್ಜಿಯ ಮುಖ್ಯ ಭಾಗಕ್ಕೆ 12 ಪುಟ. ಅರ್ಜಿಗಳನ್ನು ಅದೇ ಕ್ಷೇತ್ರದ ಇತರ ವಿಜ್ಞಾನಿಗಳು ಓದಿ ಅಂಕ ಕೊಡುತ್ತಾರೆ. ಅಂಕದ ಸಾಲಿನಲ್ಲಿ ಎಲ್ಲಿಯವರೆಗೆ ಹಣ ಕೊಡುವುದು ಎಂಬ ಗೆರೆಗೆ ಪೇಲೈನ್ ಎನ್ನುತ್ತಾರೆ. 2024ನೇ ಆರ್ಥಿಕ ವರ್ಷದಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಎನ್‌ಸಿಐ, ಈ ಗೆರೆಯನ್ನು ಹತ್ತನೇ ಪರ್ಸೆಂಟೈಲ್‌ಗೆ ಎಳೆದಿತ್ತು. ಸಾಲಿನ ಮೇಲ್ತುದಿಯ ಹತ್ತರಲ್ಲಿ ಒಂದು ಪಾಲಿಗಷ್ಟೇ ದುಡ್ಡು ಖಾತ್ರಿ ಎಂದರ್ಥ.

ಇಂಥ ಪೈಪೋಟಿಯಲ್ಲಿ 'ಹೀಗೆ ಆಗಬಹುದು ಎಂದು ನನಗನ್ನಿಸುತ್ತದೆ' ಎನ್ನುವ ಅರ್ಜಿ ನಿಲ್ಲುವುದಿಲ್ಲ. 'ಹೀಗೆ ಆಗಿದೆ, ಇಗೋ ಗ್ರಾಫ್' ಎನ್ನುವ ಅರ್ಜಿ ನಿಲ್ಲುತ್ತದೆ. ಆ ಗ್ರಾಫನ್ನು ಪ್ರಾಥಮಿಕ ಫಲಿತಾಂಶ ಎನ್ನುತ್ತಾರೆ. ಅದನ್ನು ತೆಗೆಯಲು ಜನ, ರಾಸಾಯನಿಕ, ಇಲಿ, ಮಾದರಿ ಎಲ್ಲ ಬೇಕು, ಅವಕ್ಕೆ ಗ್ರಾಂಟ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಹೊಸದಾಗಿ ಲ್ಯಾಬ್ ತೆರೆದವರು, ಮತ್ತು ಹಳಬರಾದರೂ ತೀರಾ ಹೊಸ ವಿಚಾರ ಹಿಡಿದವರು, ಸಿಕ್ಕಿಕೊಳ್ಳುವುದು ಇಲ್ಲೇ. ಪೈಲಟ್ ಗ್ರಾಂಟ್ ಇರುವುದು ಈ ಗಂಟು ಬಿಡಿಸಲಿಕ್ಕೆ.

## ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ

ಎನ್‌ಐಎಚ್‌ನಲ್ಲಿ ಇದಕ್ಕೆಂದೇ ಆರ್‌21 ಇದೆ. ಎರಡು ವರ್ಷಕ್ಕೆ ನೇರ ವೆಚ್ಚ ಒಟ್ಟು 2,75,000 ಡಾಲರ್ ಮೀರಬಾರದು, ಒಂದೇ ವರ್ಷದಲ್ಲಿ 2,00,000 ಡಾಲರ್ ದಾಟಬಾರದು. ಅರ್ಜಿಗೆ ಆರು ಪುಟ, ಪ್ರಾಥಮಿಕ ಫಲಿತಾಂಶ ಕಡ್ಡಾಯವಲ್ಲ. ಕಡ್ಡಾಯವಲ್ಲ ಎಂದಿದ್ದರೂ ಪಕ್ಕದ ಅರ್ಜಿಯಲ್ಲಿ ಅದು ಇದ್ದರೆ ಓದುವವರ ಕಣ್ಣು ಅತ್ತ ಹೋಗುತ್ತದೆ, ಅದು ಬೇರೆ ಮಾತು. ಇನ್ನೂ ಸಣ್ಣದು ಆರ್‌03: ವರ್ಷಕ್ಕೆ 50,000 ಡಾಲರ್‌ನಂತೆ ಎರಡು ವರ್ಷ.

ಇದಕ್ಕಿಂತ ಬೇಗ ಸಿಗುವುದು ಸಂಸ್ಥೆಯೊಳಗಿನ ದುಡ್ಡು. ಎನ್‌ಸಿಐ ಮಾನ್ಯತೆ ಪಡೆದ ಕ್ಯಾನ್ಸರ್ ಕೇಂದ್ರಗಳಿಗೆ ಪಿ30 ಎಂಬ ಅನುದಾನ ಬರುತ್ತದೆ. ಅದರ ಒಂದು ಪಾಲನ್ನು ಕೇಂದ್ರ ತನ್ನೊಳಗಿನ ಸಂಶೋಧಕರಿಗೆ ಪೈಲಟ್ ಯೋಜನೆಗಳಾಗಿ ಹಂಚಬಹುದು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯದೂ ಇದೇ ದಾರಿ. ಅದು ಹಣವನ್ನು ಸಂಸ್ಥೆಗೆ ಕೊಡುತ್ತದೆ, ರಾಷ್ಟ್ರಮಟ್ಟದ ಗ್ರಾಂಟ್ ಇನ್ನೂ ಸಿಗದ ಕಿರಿಯ ಅಧ್ಯಾಪಕರನ್ನು ಸಂಸ್ಥೆಯೇ ಆರಿಸುತ್ತದೆ. ಎನ್‌ಐಎಚ್‌ಗೆ ಅರ್ಜಿ ಹಾಕಿದರೆ ದುಡ್ಡು ಕೈಗೆ ಬರಲು ಸಾಮಾನ್ಯವಾಗಿ ಎಂಟು ಹತ್ತು ತಿಂಗಳು ಬೇಕು, ಒಳಗಿನ ಗ್ರಾಂಟಿಗೆ ಅಷ್ಟು ಕಾಯಬೇಕಿಲ್ಲ.

ಶೇ 15ರ ಆದೇಶ ಇಲ್ಲಿಗೆ ಹೇಗೆ ತಗಲುತ್ತದೆ ಎಂದರೆ, ಗ್ರಾಂಟಿನಲ್ಲಿ ಎರಡು ಭಾಗವಿರುತ್ತದೆ. ಸಂಬಳ, ರಾಸಾಯನಿಕ, ಇಲಿ ಇವು ನೇರ ವೆಚ್ಚ. ಕಟ್ಟಡ, ವಿದ್ಯುತ್, ಲೆಕ್ಕಪತ್ರ ವಿಭಾಗ, ಪ್ರಾಣಿಗೃಹ ಇವು ಪರೋಕ್ಷ ವೆಚ್ಚ. ಇದರ ದರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನೇರ ವೆಚ್ಚದ ಶೇ 50 ದಾಟುವುದುಂಟು. ಅದು ಕುಗ್ಗಿದರೆ ಸಂಸ್ಥೆ ಆ ಖರ್ಚುಗಳನ್ನು ತನ್ನ ಜೇಬಿನಿಂದ ತುಂಬಬೇಕು. ಒಳಗಿನ ಪೈಲಟ್ ಗ್ರಾಂಟುಗಳಿಗೆ ಬರುವುದೂ ಅದೇ ಜೇಬಿನ ದುಡ್ಡು.

ಭಾರತದಲ್ಲಿ ಹೆಚ್ಚು ಕೇಳಿಬರುವ ಹೆಸರು, ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯಡಿಯ ಬೈರಾಕ್ ಸಂಸ್ಥೆಯ ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್, ಬಾಯಿಮಾತಿನಲ್ಲಿ 'ಬಿಗ್': 18 ತಿಂಗಳಿಗೆ ಗರಿಷ್ಠ 50 ಲಕ್ಷ ರೂಪಾಯಿ. ಬೆಂಗಳೂರಿನ ಸಿ-ಕ್ಯಾಂಪ್ ಇದನ್ನು ನಡೆಸುವ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಆದರೆ ಬಿಗ್ ಇರುವುದು ಮುಂದೆ ಉತ್ಪನ್ನವಾಗಬಲ್ಲ ವಿಚಾರಗಳಿಗೆ: ಹೊಸ ಪರೀಕ್ಷಾ ಕಿಟ್, ಉಪಕರಣ, ಔಷಧದ ಅಣು. ಕ್ಯಾನ್ಸರ್ ಕೋಶ ಯಾಕೆ ಹೀಗೆ ವರ್ತಿಸುತ್ತದೆ ಎಂಬ ಶುದ್ಧ ಕುತೂಹಲಕ್ಕೆ ಅದು ಸಲ್ಲುವುದಿಲ್ಲ. ಹಣ ಒಮ್ಮೆಲೇ ಬರುವುದೂ ಇಲ್ಲ. ಒಪ್ಪಿಕೊಂಡ ಮೈಲಿಗಲ್ಲು ಮುಟ್ಟಿದ ಮೇಲೆ ಮುಂದಿನ ಕಂತು.

## ಹದಿನಾರು ಮಕ್ಕಳು, 1948

ಸಣ್ಣ ಅಧ್ಯಯನವೊಂದು ದೊಡ್ಡ ಬಾಗಿಲು ತೆರೆದ ಉದಾಹರಣೆ ಬೋಸ್ಟನ್ನಿನದು. ಅಲ್ಲಿನ ಮಕ್ಕಳ ಆಸ್ಪತ್ರೆಯ ಪೆಥಾಲಜಿಸ್ಟ್ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟಾಗ ರಕ್ತಕ್ಯಾನ್ಸರ್ ಇನ್ನಷ್ಟು ವೇಗ ಪಡೆಯುವುದನ್ನು ಗಮನಿಸಿದ್ದರು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆಯುವ ವಸ್ತು ಕೊಟ್ಟರೆ? ಅಂಥ ವಸ್ತುಗಳನ್ನು ತಯಾರಿಸಿಕೊಟ್ಟದ್ದು ಲೆಡರ್ಲೆ ಪ್ರಯೋಗಾಲಯದಲ್ಲಿದ್ದ, ಆಂಧ್ರದ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅಮಿನೊಪ್ಟೆರಿನ್ ಎಂಬ ಆ ಔಷಧವನ್ನು ತೀವ್ರ ಅಸ್ವಸ್ಥರಾಗಿದ್ದ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳು ಚೇತರಿಸಿಕೊಂಡರು. 1948ರ ಜೂನ್‌ನಲ್ಲಿ ವರದಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲೇ 'ತಾತ್ಕಾಲಿಕ' ಎಂಬ ಮಾತಿತ್ತು, ಏಕೆಂದರೆ ರೋಗ ಮರಳುತ್ತಿತ್ತು. ಅದೇ ಬಗೆಯ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. 1948ರ ಮೇ ತಿಂಗಳಲ್ಲಿ ಫಾರ್ಬರ್ ಅವರ ಕ್ಯಾನ್ಸರ್ ಕೆಲಸಕ್ಕೆ ರೇಡಿಯೊ ಮೂಲಕ ಸಾರ್ವಜನಿಕರ ನೆರವು ಕೇಳಿ 'ಜಿಮ್ಮಿ ಫಂಡ್' ಶುರುವಾಯಿತು, 2,31,485 ಡಾಲರ್ ಕೂಡಿತು.

ಔಷಧ ಪಡೆಯದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಡದೆಯೂ ಆ ಹದಿನಾರರ ಲೆಕ್ಕವನ್ನು ನಂಬಬಹುದಾಗಿತ್ತು. ಯಾಕೆಂದರೆ ಆ ಕಾಲದಲ್ಲಿ ಚಿಕಿತ್ಸೆಯಿಲ್ಲದ ತೀವ್ರ ರಕ್ತಕ್ಯಾನ್ಸರಿನ ಮುಂದಿನ ಹಾದಿ ವೈದ್ಯರಿಗೆಲ್ಲ ಗೊತ್ತಿತ್ತು, ತಾನಾಗಿ ವಾಸಿಯಾಗುವ ಮಾತೇ ಇರಲಿಲ್ಲ. ಈಗಿನ ಹೆಚ್ಚಿನ ಪ್ರಶ್ನೆಗಳಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿ, ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

## ಒಂದು ಪೈಲಟ್ ಯೋಜನೆಯನ್ನು ಬಿಚ್ಚಿ ನೋಡೋಣ

ವಿವರಣೆಗೆಂದು ಒಂದು ಯೋಜನೆ ಊಹಿಸಿಕೊಳ್ಳೋಣ. ಎಲೆ ಅಡಿಕೆ, ಗುಟ್ಕಾ ಹೆಚ್ಚಿರುವ ಪ್ರದೇಶದಲ್ಲಿ ಬಾಯಿ ಕ್ಯಾನ್ಸರನ್ನು ಜೊಲ್ಲಿನ ಪರೀಕ್ಷೆಯಿಂದ ಗುರುತಿಸಬಹುದೇ? ಐಎಲ್-6, ಐಎಲ್-8 ಮತ್ತು ಇನ್ನೊಂದು, ಹೀಗೆ ಮೂರು ಪ್ರೋಟೀನುಗಳನ್ನು ಅಳೆಯುವುದು. ಅವಧಿ 18 ತಿಂಗಳು, ಹಣ 25 ಲಕ್ಷ.

ಮೊದಲು ಎಷ್ಟು ಜನ ಬೇಕು ಎಂಬ ಲೆಕ್ಕ. ಪ್ರೋಟೀನ್ ಅಳೆಯುವ ಎಲೈಸಾ ಕಿಟ್‌ನಲ್ಲಿ 96 ಪುಟ್ಟ ಗುಳಿಗಳ ಪ್ಲೇಟ್ ಇರುತ್ತದೆ. ಅಳತೆಗೋಲಾಗಿ ಗೊತ್ತಿರುವ ಪ್ರಮಾಣದ ಏಳು ದ್ರಾವಣ, ಒಂದು ಖಾಲಿ, ಎಲ್ಲವನ್ನೂ ಎರಡೆರಡು ಸಲ ಹಾಕಿದರೆ 16 ಗುಳಿ ಹೋಯಿತು. ಎಲ್ಲ ಪ್ಲೇಟುಗಳಿಗೂ ಹಾಕುವ ಒಂದೇ ಮಿಶ್ರ ಮಾದರಿಗೆ ಎರಡು ಗುಳಿ. ಉಳಿದದ್ದು 78. ಪ್ರತಿ ಮಾದರಿಯನ್ನೂ ಎರಡು ಗುಳಿಯಲ್ಲಿ ಹಾಕಬೇಕು, ಹಾಗಾಗಿ 39 ಮಾದರಿ. ಒಂದು ಪ್ಲೇಟಿನಲ್ಲಿ 19 ರೋಗಿಗಳು, 19 ಆರೋಗ್ಯವಂತರು. ಎರಡು ಪ್ಲೇಟಿಗೆ 38 ಮತ್ತು 38. ಮೂರು ಪ್ರೋಟೀನಿಗೆ ಆರು ಕಿಟ್, ಕೈ ಪಳಗಲು ಪ್ರತಿಯೊಂದಕ್ಕೆ ಒಂದು ಹೆಚ್ಚುವರಿ, ಒಟ್ಟು ಒಂಬತ್ತು. ಪೈಲಟ್ ಅಧ್ಯಯನಗಳಲ್ಲಿ ಬರುವ ವಿಚಿತ್ರ ಸಂಖ್ಯೆಗಳ ಹಿಂದೆ ಎಷ್ಟೋ ಸಲ ಇಂಥ ಪ್ಲೇಟಿನ ಲೆಕ್ಕವೇ ಇರುತ್ತದೆ.

ಖರ್ಚಿನಲ್ಲಿ ದೊಡ್ಡ ಪಾಲು ಕಿಟ್ಟಿನದಲ್ಲ, ಮನುಷ್ಯರದು. 2023ರಿಂದ ಕಿರಿಯ ಸಂಶೋಧನಾ ಫೆಲೊ, ಅಂದರೆ ಜೆಆರ್‌ಎಫ್, ತಿಂಗಳಿಗೆ 37,000 ರೂಪಾಯಿ ಪಡೆಯುತ್ತಾರೆ. 18 ತಿಂಗಳಿಗೆ 6.66 ಲಕ್ಷ, ಬಾಡಿಗೆ ಭತ್ಯೆ ಬೇರೆ. ರೋಗಿಗಳನ್ನು ಮಾತಾಡಿಸಿ, ಒಪ್ಪಿಗೆ ಪತ್ರ ಓದಿ ಹೇಳಿ, ಮಾದರಿ ಹಿಡಿಯುವ ಇನ್ನೊಬ್ಬರನ್ನು ಬಜೆಟ್‌ನಲ್ಲಿ ಸೇರಿಸಲು ಮರೆಯುವುದು ಸಾಮಾನ್ಯ. ಆ ಕೆಲಸವೂ ಜೆಆರ್‌ಎಫ್ ತಲೆಗೆ ಬಂದರೆ ಲ್ಯಾಬ್ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಜೊಲ್ಲು ಹಿಡಿಯುವುದೂ ಅಷ್ಟು ಸಲೀಸಲ್ಲ. ಬೆಳಿಗ್ಗೆ, ಒಂದು ಗಂಟೆ ಮುಂಚಿನಿಂದ ಏನೂ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ, ತಾನಾಗಿ ಊರುವ ಜೊಲ್ಲನ್ನು ಐಸಿನಲ್ಲಿಟ್ಟ ಟ್ಯೂಬಿಗೆ ಎರಡರಿಂದ ಐದು ಮಿಲಿಲೀಟರ್ ಬಿಡಿಸಿಕೊಳ್ಳಬೇಕು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಅರ್ಧರ್ಧ ಮಿಲಿಲೀಟರ್‌ನಂತೆ ಬೇರೆ ಬೇರೆ ಟ್ಯೂಬಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಬೇಕು. ಹಂಚದೆ ಒಂದೇ ಟ್ಯೂಬಿನಲ್ಲಿಟ್ಟರೆ ಪ್ರತಿ ಸಲವೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಕಾಗಿ ಪ್ರೋಟೀನ್ ಹಾಳಾಗುತ್ತದೆ. ಬಾಯಿ ತೆರೆಯಲಾಗದ, ನೋವಿರುವ ರೋಗಿಗೆ ಎರಡು ಮಿಲಿಲೀಟರ್ ಕೊಡುವುದೂ ಕಷ್ಟ. ರೇಡಿಯೇಷನ್ ಶುರುವಾದ ಮೇಲೆ ಜೊಲ್ಲು ಒಣಗುವುದರಿಂದ ಚಿಕಿತ್ಸೆಗೆ ಮುಂಚೆಯೇ ಹಿಡಿಯಬೇಕು. ಹೀಗೆ ಸೋಸುತ್ತ ಹೋದರೆ, ಒಪಿಡಿಗೆ ದಿನಾ ಇಷ್ಟು ರೋಗಿಗಳು ಬರುತ್ತಾರೆ ಎಂಬ ಮೊದಲ ಅಂದಾಜು ಬೇಗ ಕರಗುತ್ತದೆ.

ತಪ್ಪುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಹೋಲಿಕೆಯ ಗುಂಪು. ಸುಲಭಕ್ಕೆ ಸಿಗುವ ಆರೋಗ್ಯವಂತರೆಂದರೆ ಕಾಲೇಜಿನ ವಿದ್ಯಾರ್ಥಿಗಳು, ಆಸ್ಪತ್ರೆ ಸಿಬ್ಬಂದಿ: ಇಪ್ಪತ್ತೈದರ ವಯಸ್ಸು, ಗಟ್ಟಿ ಒಸಡು, ತಂಬಾಕಿಲ್ಲ. ರೋಗಿಗಳು ಐವತ್ತು ದಾಟಿದವರು, ವರ್ಷಗಟ್ಟಲೆ ಎಲೆ ಅಡಿಕೆ ಜಗಿದವರು, ಒಸಡು ಕೆಟ್ಟವರು. ಐಎಲ್-6, ಐಎಲ್-8 ಒಸಡಿನ ಉರಿಯೂತದಲ್ಲೂ ಏರುತ್ತವೆ. ಆಗ ಪರೀಕ್ಷೆ ಅದ್ಭುತವಾಗಿ 'ಕೆಲಸ ಮಾಡುತ್ತದೆ', ಆದರೆ ಅದು ಹಿಡಿದದ್ದು ಕೆಟ್ಟ ಒಸಡನ್ನು. ವಯಸ್ಸು, ಜಗಿಯುವ ಚಟ, ಒಸಡಿನ ಸ್ಥಿತಿ ಮೂರರಲ್ಲೂ ರೋಗಿಗೆ ಹೊಂದುವವರನ್ನೇ ಹುಡುಕಬೇಕು. ಎರಡನೆಯದು ಪ್ಲೇಟ್. ರೋಗಿಗಳದೆಲ್ಲ ಒಂದರಲ್ಲಿ, ಆರೋಗ್ಯವಂತರದೆಲ್ಲ ಇನ್ನೊಂದರಲ್ಲಿ ಹಾಕಿದರೆ, ಕಂಡ ವ್ಯತ್ಯಾಸ ರೋಗದ್ದೋ ಆ ದಿನದ ಉಷ್ಣತೆಯದ್ದೋ ಎಂದು ಆಮೇಲೆ ಯಾವ ಗಣಿತವೂ ಬೇರ್ಪಡಿಸಲಾರದು. ಅದಕ್ಕೇ ಒಂದೊಂದು ಪ್ಲೇಟಿನಲ್ಲೂ 19 ಮತ್ತು 19.

## ಸಣ್ಣ ಸಂಖ್ಯೆ ಎಷ್ಟು ಹೇಳಬಲ್ಲದು

38 ರೋಗಿಗಳಲ್ಲಿ 34 ಮಂದಿಯನ್ನು ಪರೀಕ್ಷೆ ಗುರುತಿಸಿತು ಎನ್ನೋಣ. ಸುಮಾರು ಶೇ 89. ಆದರೆ ಇಷ್ಟು ಕಡಿಮೆ ಜನರಲ್ಲಿ ನಿಜವಾದ ಸಾಮರ್ಥ್ಯ ಶೇ 76ರಿಂದ ಶೇ 96ರ ನಡುವೆ ಎಲ್ಲಿಯಾದರೂ ಇರಬಹುದು. ಶೇ 76 ಆದರೆ ನಾಲ್ವರಲ್ಲಿ ಒಬ್ಬ ರೋಗಿ ತಪ್ಪಿಹೋಗುತ್ತಾನೆ. 'ಇಷ್ಟಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರ್' ಎಂಬ ಗೆರೆಯನ್ನು ಅಂಕಿಅಂಶ ನೋಡಿದ ಮೇಲೆ ಎಳೆದಿದ್ದರೆ, ಆ ಶೇ 89 ಕೂಡ ಉಬ್ಬಿದ ಸಂಖ್ಯೆ.

ಅಡ್ಡ ಪರಿಣಾಮದ ಲೆಕ್ಕಕ್ಕೆ ಮೂರರ ನಿಯಮ ಎಂಬ ಸರಳ ಸೂತ್ರವಿದೆ. 30 ಜನರಿಗೆ ಔಷಧ ಕೊಟ್ಟು ಯಾರಿಗೂ ತೊಂದರೆ ಆಗದಿದ್ದರೆ, ಮೂರನ್ನು 30ರಿಂದ ಭಾಗಿಸಿ. ಶೇ 10. ಅಂದರೆ ನಿಜದಲ್ಲಿ ಹತ್ತರಲ್ಲಿ ಒಬ್ಬರಿಗೆ ಆ ತೊಂದರೆ ಬರುವ ಸಾಧ್ಯತೆಯನ್ನೂ ಈ ಅಧ್ಯಯನ ತಳ್ಳಿಹಾಕಲಾರದು. 'ಯಾವುದೇ ಅಡ್ಡ ಪರಿಣಾಮ ಕಾಣಲಿಲ್ಲ' ಎಂಬ ಸಾಲು ಓದಿದಾಗ ಈ ಭಾಗಾಕಾರ ಮಾಡಿ ನೋಡಬಹುದು.

ಆಸ್ಪತ್ರೆಯಿಂದ ಊರಿಗೆ ಹೋದಾಗ ಇನ್ನೊಂದು ತೊಡಕು. ಒಂದು ಲಕ್ಷ ಜನರನ್ನು ತಪಾಸಣೆ ಮಾಡುತ್ತೇವೆ, ಅವರಲ್ಲಿ 100 ಮಂದಿಗೆ ರೋಗವಿದೆ ಎಂದುಕೊಳ್ಳಿ. ಪರೀಕ್ಷೆ ಶೇ 90 ರೋಗಿಗಳನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲೂ ಶೇ 90 ಜನಕ್ಕೆ ಸರಿಯಾಗಿ 'ಇಲ್ಲ' ಎನ್ನುತ್ತದೆ. ರೋಗಿಗಳಲ್ಲಿ 90 ಮಂದಿ ಸಿಕ್ಕರು. ಉಳಿದ 99,900 ಆರೋಗ್ಯವಂತರಲ್ಲಿ 9,990 ಜನಕ್ಕೆ ಸುಳ್ಳು ಎಚ್ಚರಿಕೆ. 'ಇದೆ' ಎಂದು ಬಂದ ನೂರು ಜನರಲ್ಲಿ ನಿಜವಾದ ರೋಗಿ ಒಬ್ಬರೂ ಪೂರ್ತಿ ಇಲ್ಲ. 38 ಮತ್ತು 38ರ ಪೈಲಟ್‌ನಲ್ಲಿ ಇದು ಕಾಣುವುದೇ ಇಲ್ಲ, ಯಾಕೆಂದರೆ ಅಲ್ಲಿ ಅರ್ಧದಷ್ಟು ಜನ ರೋಗಿಗಳೇ.

ಅದಕ್ಕಾಗಿ ಒಳ್ಳೆಯ ಪೈಲಟ್ ತನ್ನ ಗುರಿಯನ್ನು ಬೇರೆ ಕಡೆ ಇಡುತ್ತದೆ. ಕೇಳಿದವರಲ್ಲಿ ಎಷ್ಟು ಜನ ಒಪ್ಪಿದರು? ಎಷ್ಟು ಮಾದರಿ ಬಳಕೆಗೆ ಬಂತು? ಒಂದೇ ಮಾದರಿಯನ್ನು ಎರಡು ಸಲ ಅಳೆದಾಗ ಸಂಖ್ಯೆ ಎಷ್ಟು ಏರುಪೇರಾಯಿತು? ಮುಂದಿನ ಅಧ್ಯಯನಕ್ಕೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕಲು ಈ ಏರುಪೇರೇ ಆಧಾರ. ಯಾವ ಸಂಖ್ಯೆ ಬಂದರೆ ಮುಂದುವರಿಯುವುದು, ಯಾವುದು ಬಂದರೆ ತಿದ್ದುವುದು, ಯಾವುದು ಬಂದರೆ ಕೈಬಿಡುವುದು ಎಂದು ಶುರುವಿಗೆ ಮುಂಚೆಯೇ ಬರೆದಿಡಬೇಕು. ಕೈಬಿಡಬೇಕು ಎಂಬ ಉತ್ತರ 25 ಲಕ್ಷಕ್ಕೆ ಸಿಕ್ಕರೆ ಅದು ಅಗ್ಗ.

## ಲ್ಯಾಬಿನೊಳಗೆ ಕೆಡುವುದು

ರೋಗಿಗಳೇ ಇಲ್ಲದ, ಕೋಶ ಮತ್ತು ಇಲಿಗಳ ಮೇಲಿನ ಪೈಲಟ್‌ಗಳೂ ಜಾರುತ್ತವೆ. 1951ರಲ್ಲಿ ಬಾಲ್ಟಿಮೋರ್‌ನ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕೊರಳಿನ ಗೆಡ್ಡೆಯಿಂದ ತೆಗೆದ ಹೀಲಾ ಕೋಶಗಳು ಎಷ್ಟು ಹುಲುಸಾಗಿ ಬೆಳೆಯುತ್ತವೆಂದರೆ, ಬೇರೆ ಕೋಶಗಳ ತಟ್ಟೆಗೆ ಸೇರಿಕೊಂಡು ಅವನ್ನೇ ಹಿಂದೆ ಹಾಕುತ್ತವೆ. ಬೇರೆ ಅಂಗದ ಕೋಶ ಎಂದು ವರ್ಷಗಟ್ಟಲೆ ಬಳಸಿದ್ದು ಹೀಲಾ ಎಂದು ಆಮೇಲೆ ತಿಳಿದ ಪ್ರಸಂಗಗಳು ಹಲವು. ಎಸ್‌ಟಿಆರ್ ಎಂಬ ಡಿಎನ್‌ಎ ಗುರುತು ಪರೀಕ್ಷೆ ಇದನ್ನು ಹಿಡಿಯುತ್ತದೆ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿದರೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಫಲಿತಾಂಶ ಮಾತ್ರ ಬದಲಾಗುತ್ತದೆ. ಬಜೆಟ್ ಬಿಗಿಯಾದಾಗ ಮೊದಲು ಬಿಟ್ಟುಹೋಗುವುದು ಈ ಎರಡು ಪರೀಕ್ಷೆಗಳೇ.

2012ರಲ್ಲಿ ಗ್ಲೆನ್ ಬೆಗ್ಲಿ ಮತ್ತು ಲೀ ಎಲಿಸ್ ವರದಿ ಮಾಡಿದ ಪ್ರಕಾರ, ಆಮ್ಜೆನ್ ಎಂಬ ಔಷಧ ಕಂಪನಿ ಮರುಪರಿಶೀಲಿಸಿದ 53 ಪ್ರಮುಖ ಕ್ಯಾನ್ಸರ್ ಅಧ್ಯಯನಗಳಲ್ಲಿ ಆರರ ಫಲಿತಾಂಶ ಮಾತ್ರ ಮತ್ತೆ ಬಂತು. 2021ರಲ್ಲಿ ಮುಗಿದ ಇನ್ನೊಂದು ದೊಡ್ಡ ಯತ್ನದಲ್ಲಿ 193 ಪ್ರಯೋಗಗಳನ್ನು ಮರುಮಾಡುವ ಯೋಜನೆಯಿದ್ದರೂ ಸಾಧ್ಯವಾದದ್ದು 50. ಮರುಪ್ರಯೋಗದಲ್ಲಿ ಕಂಡ ಪರಿಣಾಮದ ಗಾತ್ರ ಮಧ್ಯಮಾಂಕದಲ್ಲಿ ಮೂಲದ್ದಕ್ಕಿಂತ ಶೇ 85ರಷ್ಟು ಕಡಿಮೆ. ಇದಕ್ಕೆಲ್ಲ ಮೋಸ ಕಾರಣ ಎನ್ನಲಾಗದು. ಸಣ್ಣ ಸಂಖ್ಯೆ, ಬಿಟ್ಟುಹೋದ ವಿವರ, ಚೆನ್ನಾಗಿ ಬಂದದ್ದನ್ನಷ್ಟೇ ಪ್ರಕಟಿಸುವ ರೂಢಿ ಇವೂ ಸಾಕು.

## ಹದಿನೆಂಟು ತಿಂಗಳು ಎಲ್ಲಿ ಹೋಗುತ್ತದೆ

ಮಂಜೂರಾತಿ ಪತ್ರ ಬಂದ ದಿನ ಕೆಲಸ ಶುರುವಾಗುವುದಿಲ್ಲ. ಮನುಷ್ಯರ ಮಾದರಿಗೆ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಬೇಕು, ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪ್ರಾಣಿಗಳಿಗೆ ಬೇರೆ ಸಮಿತಿ, ವಂಶವಾಹಿ ಬದಲಿಸುವ ಕೆಲಸಕ್ಕೆ ಜೈವಿಕ ಸುರಕ್ಷತಾ ಸಮಿತಿ. ವಿದೇಶಿ ಪಾಲುದಾರರಿದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ. ಹೊರದೇಶದಿಂದ ಬರುವ ಕೆಲವು ಆ್ಯಂಟಿಬಾಡಿಗಳು ಒಣ ಐಸಿನಲ್ಲಿ ಬರಬೇಕು, ಕಸ್ಟಮ್ಸ್‌ನಲ್ಲಿ ನಿಂತರೆ ಐಸ್ ಆವಿಯಾಗುತ್ತದೆ. ಸಂಶೋಧನಾ ಉಪಕರಣಗಳಿಗಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ದರ 2022ರ ಜುಲೈನಲ್ಲಿ ರದ್ದಾದಾಗ, ಹಳೆಯ ಕೊಟೇಶನ್ ಹಿಡಿದು ಬಜೆಟ್ ಬರೆದಿದ್ದವರಿಗೆಲ್ಲ ಕೊರತೆ ಬಿತ್ತು. ಮುಂದಿನ ಕಂತಿಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಬಾಯಿಮಾತಿನಲ್ಲಿ ಅದು 'ಯುಸಿ', ಅದಿಲ್ಲದೆ ಹಣ ಕದಲುವುದಿಲ್ಲ.

ಅನುಭವಸ್ಥರು ಎಥಿಕ್ಸ್ ಅರ್ಜಿಯನ್ನು ಗ್ರಾಂಟ್ ಅರ್ಜಿಯ ಜತೆಗೇ ಹಾಕಿಬಿಡುತ್ತಾರೆ. ಕಿಟ್‌ಗಳನ್ನು ಮೊದಲೇ ತರಿಸದೆ ಮಾದರಿ ಕೂಡಿದ ಮೇಲೆ, ಎಲ್ಲ ಒಂದೇ ಬ್ಯಾಚಿನವನ್ನು ತರಿಸುತ್ತಾರೆ. ಬೇಗ ತರಿಸಿದರೆ ಅವಧಿ ಮುಗಿಯುತ್ತದೆ, ಬಿಡಿಬಿಡಿಯಾಗಿ ತರಿಸಿದರೆ ಬ್ಯಾಚ್ ಬದಲಾಗಿ ಅಳತೆ ಬದಲಾಗುತ್ತದೆ.

## ಪೈಲಟ್ ಆದ ಮೇಲೆ

ಮುಂದಿನ ಮೆಟ್ಟಿಲು ಎಷ್ಟು ಎತ್ತರ ಎಂಬುದಕ್ಕೆ ಮುಂಬೈನ ಉದಾಹರಣೆ ಸಾಕು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ, ರೋಗಿಯದೇ ಟಿ-ಕೋಶಗಳನ್ನು ಮಾರ್ಪಡಿಸಿ ರಕ್ತಕ್ಯಾನ್ಸರ್ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯನ್ನು ದೇಶದಲ್ಲೇ ರೂಪಿಸಿದವು. ಪ್ರಯೋಗಾಲಯದ ಮತ್ತು ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದ ಮೇಲೆ, ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ರಾಷ್ಟ್ರೀಯ ಬಯೋಫಾರ್ಮಾ ಮಿಷನ್ 19.15 ಕೋಟಿ ರೂಪಾಯಿ ಮಂಜೂರು ಮಾಡಿತು. 2021ರ ಜೂನ್ 4ರಂದು ಮೊದಲ ರೋಗಿಗೆ ಚಿಕಿತ್ಸೆ. ಮೊದಲ ಹಂತದಲ್ಲಿ 14, ಎರಡನೆಯದರಲ್ಲಿ 50 ರೋಗಿಗಳು. 2023ರ ಅಕ್ಟೋಬರ್‌ನಲ್ಲಿ ನೆಕ್ಸ್‌ಕಾರ್19 ಹೆಸರಿನಲ್ಲಿ ಅನುಮತಿ ಸಿಕ್ಕಿತು. ಬಿಗ್ ಗ್ರಾಂಟಿನ 50 ಲಕ್ಷಕ್ಕೂ ಈ 19 ಕೋಟಿಗೂ ಇರುವ ಅಂತರದಲ್ಲೇ ಹೆಚ್ಚಿನ ವಿಚಾರಗಳು ನಿಂತುಹೋಗುತ್ತವೆ. ಅವೆಲ್ಲ ಕೆಟ್ಟ ವಿಚಾರಗಳೇನಲ್ಲ. ಎಷ್ಟೋ ಸಲ ಪೈಲಟ್ ಮುಗಿದು ಮುಂದಿನ ಗ್ರಾಂಟ್ ಬರುವ ನಡುವಿನ ಕಾಲದಲ್ಲಿ ಕೈ ಪಳಗಿದ ಜೆಆರ್‌ಎಫ್ ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

## ಸುದ್ದಿ ಓದುವಾಗ, ದುಡ್ಡು ಕೊಡುವಾಗ

'ಕ್ಯಾನ್ಸರಿಗೆ ಹೊಸ ಪರೀಕ್ಷೆ ಯಶಸ್ವಿ' ಎಂದು ಬಂದರೆ ಮೊದಲು ನೋಡಬೇಕಾದ್ದು ಅದು ಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದು. ಮನುಷ್ಯರಲ್ಲಾದರೆ ಎಷ್ಟು ಜನ, ಹೋಲಿಸಿದ್ದು ಯಾರ ಜತೆ ಎಂಬುದನ್ನೂ ನೋಡಬೇಕು. ಪೈಲಟ್ ಸಂಶೋಧನೆಗೆ ದೇಣಿಗೆ ಕೇಳುವವರಿಗೆ ಇನ್ನೂ ಮೂರು ಪ್ರಶ್ನೆ ಹಾಕಬಹುದು: ಅರ್ಜಿಗಳನ್ನು ಹೊರಗಿನ ತಜ್ಞರು ಓದುತ್ತಾರೆಯೇ, ಪರೋಕ್ಷ ವೆಚ್ಚ ಎಷ್ಟು ಹಿಡಿಯುತ್ತಾರೆ, ಫಲಿಸದ ಯೋಜನೆಗಳ ವಿವರವನ್ನೂ ಪ್ರಕಟಿಸುತ್ತಾರೆಯೇ.

ಮನೆಯವರನ್ನೇ ಅಧ್ಯಯನಕ್ಕೆ ಸೇರಿಸಲು ಕೇಳಿದರೆ, ಅದು ಔಷಧ ಪ್ರಯೋಗವಾಗಿದ್ದಲ್ಲಿ, ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿಯ, ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ಈ ನೋಂದಣಿ ಕಡ್ಡಾಯ, ಮತ್ತು ಆ ಜಾಲತಾಣವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಎಷ್ಟು ಜನರನ್ನು ಸೇರಿಸಬೇಕೆಂದಿದ್ದಾರೆ, ಏನನ್ನು ಅಳೆಯುತ್ತೇವೆಂದು ಮೊದಲು ಹೇಳಿದ್ದರು, ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ ಎಂಬುದೆಲ್ಲ ಅಲ್ಲಿರುತ್ತದೆ. ಮುಂದೆ ಫಲಿತಾಂಶ ಸುದ್ದಿಯಾದಾಗ, ಮೊದಲು ಬರೆದಿಟ್ಟ ಅಳತೆಯನ್ನೇ ಹೇಳುತ್ತಿದ್ದಾರೆಯೇ ಅಥವಾ ಚೆನ್ನಾಗಿ ಬಂದ ಬೇರೊಂದನ್ನು ಮುಂದಿಟ್ಟಿದ್ದಾರೆಯೇ ಎಂದು ಅದೇ ಪುಟದಲ್ಲಿ ತಾಳೆ ನೋಡಬಹುದು.